ಭೀಮನ ಕೊಳ್ಳದಲ್ಲಿ ಕೊನೆಯ ದಿನ

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಸಾಲಾಗಿ ಗೈರು ಬೀಳಲು ಶುರುವಾಗುತ್ತದೆ. ವಾರ ಹತ್ತು ದಿನ ಬಿಟ್ಟು ಹುಡುಗ ಬರುತ್ತಾನೆ. ಮುಖ ಕಪ್ಪಗಾಗಿರುತ್ತದೆ, ಪಾದ ಬೊಕ್ಕೆ ಎದ್ದಿರುತ್ತದೆ, ಜೇಬಲ್ಲಿ ನಮಗೆ ಕೊಡಲು ವಿಭೂತಿ ಇರುತ್ತದೆ. "ಎಲ್ಲಿಗೆ ಹೋಗಿದ್ದೆಯಪ್ಪಾ?" ಎಂದರೆ "ಪರ್ವತಕ್ಕೆ ಸಾರ್" ಎನ್ನುತ್ತಾನೆ. ಪರ್ವತ ಎಂದರೆ ಶ್ರೀಶೈಲ. ಬೇರೆ ಯಾವ ಪರ್ವತವೂ ನಮ್ಮ ಕಡೆ ಜನಕ್ಕೆ ಪರ್ವತವಲ್ಲ.

ಬಹಳ ವರ್ಷ ನಾವು ಆ ಹುಡುಗರನ್ನು ಬೈದಿದ್ದೇವೆ, ಪೋಷಕರನ್ನು ಕರೆಸಿ ಅವರನ್ನೂ ಬೈದಿದ್ದೇವೆ. ಕನ್ನಡ ಶಾಲೆಯಲ್ಲಿ ಮಕ್ಕಳೇ ಕಡಿಮೆ. ಈಗ ಹಾಜರಿಯೆಲ್ಲ ಆ್ಯಪ್‌ನಲ್ಲಿ. ನಾಲ್ಕು ಮಕ್ಕಳು ಬರದಿದ್ದರೆ ಶೇಕಡಾವಾರು ಎಷ್ಟು ಕುಸಿಯುತ್ತದೆ ಎಂದು ಮೇಲಿನವರಿಗೆ ನಾವೇ ಉತ್ತರ ಹೇಳಬೇಕು. "ದೇವರು ಬೇಸಿಗೆ ರಜೆಯಲ್ಲೂ ಅಲ್ಲೇ ಇರ್ತಾನಲ್ಲಮ್ಮ" ಎಂದು ಒಬ್ಬ ತಾಯಿಗೆ ಹೇಳಿದ್ದೆವು. ಆಕೆ ನಕ್ಕು, "ದೇವ್ರು ಇರ್ತಾನೆ ಸಾರ್, ಕಾಡಿನ ದಾರಿ ಇರಲ್ಲ" ಎಂದರು. ಆ ಮಾತು ಸರಿಯಾಗಿ ಅರ್ಥವಾಗಬೇಕಾದರೆ ನಾವೇ ನಡೆಯಬೇಕಾಯಿತು.

ನಾವು ನಡೆದದ್ದು 2024ರಲ್ಲಿ. ಆ ವರ್ಷ ಯುಗಾದಿ ಏಪ್ರಿಲ್ 9, ಮಂಗಳವಾರ. ಹತ್ತನೇ ತರಗತಿ ಪರೀಕ್ಷೆ ಮಾರ್ಚ್ 30ಕ್ಕೆ ಮುಗಿದಿತ್ತು. ಏಪ್ರಿಲ್ 5 ಶುಕ್ರವಾರ ಬಾಬು ಜಗಜೀವನರಾಂ ಜಯಂತಿಯ ರಜೆ, ಶನಿವಾರಕ್ಕೊಂದು ಸಿ.ಎಲ್., ಭಾನುವಾರ ಹೇಗೂ ಇದೆ, ಸೋಮವಾರಕ್ಕೆ ಇನ್ನೊಂದು ಸಿ.ಎಲ್. (ಮೇಷ್ಟ್ರ ಭಕ್ತಿ ಕ್ಯಾಲೆಂಡರಿನ ಕೆಂಪು ಅಕ್ಷರ ನೋಡಿಯೇ ಶುರುವಾಗುವುದು, ನಗಬೇಡಿ.) ಮುಂದಿನ ತಿಂಗಳು ಚುನಾವಣೆ ಬೇರೆ, ಅದರ ತರಬೇತಿಗೆ ಕರೆ ಬರುವ ಮೊದಲೇ ತಿರುಗಿ ಬಂದುಬಿಡಬೇಕೆಂಬ ಲೆಕ್ಕ.

ನಾವು ಒಟ್ಟು ಏಳು ಜನ, ರಾಯದುರ್ಗದ ಕಡೆಯವರು ನಾಲ್ವರು, ಮಡಕಶಿರಾ ಕಡೆಯವರು ಮೂವರು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳು ಒಡೆದ ಮೇಲೆ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಆದರೆ ಎರಡೂ ಕಡೆ ಕೆಲಸ ಮಾಡಿದ ನಮಗೆ ಎರಡೂ ಒಂದೇ ಊರಿದ್ದ ಹಾಗೆ. ತಂಡದಲ್ಲಿ ನಾವಿಬ್ಬರು ಮೇಷ್ಟ್ರುಗಳು. ಆಗಷ್ಟೇ ಹತ್ತನೇ ತರಗತಿ ಪರೀಕ್ಷೆ ಬರೆದ ಒಬ್ಬ ಹುಡುಗ, ಅವನ ತಾಯಿ, ಸೋದರಮಾವ. ಒಬ್ಬ ಬಟ್ಟೆ ಹೊಲಿಯುವವರು. ಇನ್ನೊಬ್ಬರು ಶಾಲೆಯಲ್ಲಿ ಅಟೆಂಡರ್ ಆಗಿ ನಿವೃತ್ತರಾದ ಹಿರಿಯರು. ಅವರನ್ನು ನಾವೆಲ್ಲ ಅಣ್ಣ ಎನ್ನುತ್ತೇವೆ, ಹುಡುಗ ತಾತ ಎನ್ನುತ್ತಾನೆ. ಮೂವತ್ತು ವರ್ಷ ಶಾಲೆಯ ಗಂಟೆ ಹೊಡೆದ ಕೈ ಅವರದು.

ಒಂದು ಮಾತು ಮೊದಲೇ ಒಪ್ಪಿಕೊಳ್ಳುತ್ತೇವೆ. ನಾವು ಪೂರಾ ಪಾದಯಾತ್ರೆಯವರಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಮಲ್ಲಯ್ಯನ ಕಂಬಿ ಹೊತ್ತು ಹತ್ತು ಹದಿನೈದು ದಿನ ನಡೆದು ಬರುವವರ ಮುಂದೆ ನಾವು ಲೆಕ್ಕಕ್ಕಿಲ್ಲ. ಮರಗಾಲು ಕಟ್ಟಿಕೊಂಡು ಬರುವವರೂ ಇದ್ದಾರೆ! ನಾವು ಬಸ್ಸಿನಲ್ಲಿ ಆತ್ಮಕೂರಿನ ತನಕ ಹೋಗಿ, ವೆಂಕಟಾಪುರದಿಂದ ಮುಂದಿನ ಕಾಡು ಮಾತ್ರ ನಡೆದವರು. ಅದೂ 40 ಕಿಲೋಮೀಟರಿಗೆ ಮೇಲಿದೆ. ನಲ್ಲಮಲ ಕಾಡು, 1983ರಿಂದ ಹುಲಿ ಯೋಜನೆಗೆ ಸೇರಿದ ಜಾಗ. ಶಿವರಾತ್ರಿ ಮತ್ತು ಯುಗಾದಿಯ ಕೆಲವು ದಿನ ಬಿಟ್ಟರೆ ಯಾತ್ರಿಕರಿಗೆ ಆ ದಾರಿ ಮುಚ್ಚಿರುತ್ತದೆ. "ಕಾಡಿನ ದಾರಿ ಇರಲ್ಲ" ಎಂದು ಆ ತಾಯಿ ಹೇಳಿದ್ದು ಇದನ್ನೇ.

ಮೊದಲ ದಿನ ನಾಗಲೂಟಿಯ ವೀರಭದ್ರ, ಎರಡನೇ ದಿನ ಪೆಚ್ಚೆರುವು. ಈ ಎರಡು ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲ ಚೆನ್ನಾಗಿತ್ತು. ಏಪ್ರಿಲ್‌ನಲ್ಲಿ ಕಾಡು ಬೋಳು, ಎಲೆ ಉದುರಿದ ತೇಗ, ಒಣಗಿದ ಬಿದಿರು. ನೆರಳು ಕಡಿಮೆ. ಆದರೆ ನಮ್ಮ ಜನರ ದಾಸೋಹದ ಶಾಮಿಯಾನಗಳು ಅಲ್ಲಲ್ಲಿ ಇದ್ದವು. ರೊಟ್ಟಿ, ಹುಗ್ಗಿ, ಚಿತ್ರಾನ್ನ, ಮಜ್ಜಿಗೆ. "ಬರ್ರಿ ಸರ, ಉಂಡ ಹೋಗ್ರಿ" ಎಂದು ಕೈ ಹಿಡಿದು ಎಳೆಯುತ್ತಾರೆ. ಪೆಚ್ಚೆರುವಿನ ಚೆಂಚು ಗೂಡೆಂನಲ್ಲಿ ಒಬ್ಬ ಅಜ್ಜ ತೆಲುಗಿನಲ್ಲಿ ಹೇಳಿದ, ಮಲ್ಲಯ್ಯ ನಮ್ಮ ಮನೆ ಅಳಿಯ ಅಂತ. ದೇವರು ಚೆಂಚು ಹುಡುಗಿಯನ್ನು ಮದುವೆಯಾದ ಕಥೆ ಅವರದು. ಕನ್ನಡದವರು ಭ್ರಮರಾಂಬೆಯನ್ನು ತಮ್ಮ ಮನೆ ಮಗಳು ಎನ್ನುತ್ತಾರೆ, ಸೀರೆ, ಅರಿಶಿನ ಕುಂಕುಮ ಒಯ್ದು ಮಡಿಲು ತುಂಬುತ್ತಾರೆ, ಮಲ್ಲಯ್ಯ ಅವರಿಗೂ ಅಳಿಯ. ಒಬ್ಬನೇ ಅಳಿಯನಿಗೆ ಕಾಡಲ್ಲೊಬ್ಬ ಮಾವ, ಗಡಿಯಾಚೆ ಒಬ್ಬ ಮಾವ. ಗಡಿ ಜಗಳ ಮಾಡುವವರು ಒಂದು ಸಲ ಪೆಚ್ಚೆರುವಿಗೆ ಹೋಗಿ ಬರಬೇಕು.

ಈಗ ಕೊನೆಯ ದಿನದ ವಿಷಯ. ಈ ಬರಹ ಬರೆಯಲು ಕೂತಿದ್ದೇ ಅದಕ್ಕೆ.

ಮೊದಲೆರಡು ದಿನ ಬೆಳಗಿನ ಜಾವ ಮೂರೂವರೆಗೆ ಎದ್ದು ಹೊರಟಿದ್ದೆವು. ಬಿಸಿಲೇರುವುದರೊಳಗೆ ಬಹುಪಾಲು ದಾರಿ ಮುಗಿಯುತ್ತಿತ್ತು. ಮೂರನೇ ದಿನ ಎದ್ದಿದ್ದು ಆರಕ್ಕೆ. ಯಾಕೆ? ಕೊನೆಯ ದಿನ ಅಲ್ಲವೆ, ಇನ್ನೇನು ಬಂದೇಬಿಟ್ಟಿತು ಎಂಬ ಉಡಾಫೆ. ಮೊದಲೆರಡು ದಿನ ಒಬ್ಬೊಬ್ಬರ ಚೀಲದಲ್ಲಿ ಲೀಟರಿನ ಎರಡೆರಡು ಬಾಟಲಿ ನೀರಿತ್ತು. ಮೂರನೇ ದಿನ ಹೊರಡುವಾಗ ಒಂದೊಂದು ಬಾಟಲಿಯನ್ನು ಕಾಲಿಗೆ, ತಲೆಗೆ ಸುರಿದುಕೊಂಡು ಖಾಲಿ ಮಾಡಿದೆವು. "ಮುಂದೆ ದಾಸೋಹದವರು ಇರ್ತಾರೆ, ಸುಮ್ಮನೆ ಭಾರ ಯಾಕೆ ಹೊರ್ತೀರಿ" ಎಂದು ಹೇಳಿದವರು ಯಾರು ಗೊತ್ತೇ? ನಾವೇ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪರಿಸರ ವಿಜ್ಞಾನ ಪಾಠ ಮಾಡುತ್ತಿರುವ ನಾವೇ. ಹುಡುಗನ ತಾಯಿ ಮಾತ್ರ ಮಗನ ಬಾಟಲಿ ಖಾಲಿ ಮಾಡಲು ಬಿಡಲಿಲ್ಲ. "ಇರ್ಲಿ ಬಿಡಿ ಸಾರ್, ಹೊತ್ಕೊಳ್ತಾನೆ, ಎಳೇ ಹುಡುಗ" ಎಂದರು.

ಆ ದಾರಿ ನೋಡದವರಿಗೆ ಒಂದು ವಿಷಯ ಹೇಳಬೇಕು. ಶ್ರೀಶೈಲದ ಕಾಡುದಾರಿಯಲ್ಲಿ ಅತಿ ಕಷ್ಟದ ಭಾಗ ಇರುವುದೇ ಕೊನೆಗೆ. ಪೆಚ್ಚೆರುವು ದಾಟಿ ಮುಂದೆ ಹೋದರೆ ಭೀಮನ ಕೊಳ್ಳ. ತೆಲುಗರು ಭೀಮುನಿ ಕೊಲನು ಎನ್ನುತ್ತಾರೆ. ಮೊದಲು ಕಲ್ಲು ಮೆಟ್ಟಿಲ ಮೇಲೆ ಕಣಿವೆಗೆ ಇಳಿಯಬೇಕು. ಮೂರು ದಿನ ನಡೆದ ಮೊಣಕಾಲು ಅಲ್ಲಿ ನಡುಗುತ್ತದೆ. ಆಮೇಲೆ ಎದುರಿಗೆ ಅಷ್ಟೇ ಎತ್ತರ ಹತ್ತಬೇಕು, ನೂರಾರು ಮೆಟ್ಟಿಲು, ಒಂದೊಂದೂ ಒಂದೊಂದು ಎತ್ತರ. ಹತ್ತಿದ ಮೇಲೆ ಕೈಲಾಸ ಬಾಗಿಲು. ಅಲ್ಲಿಂದ ಹಾಟಕೇಶ್ವರ, ಸಾಕ್ಷಿ ಗಣಪತಿ, ದೇವಸ್ಥಾನ, ಅದೆಲ್ಲ ವಾಹನ ಓಡಾಡುವ ದಾರಿ. ಅಂದರೆ ದಣಿವು ಜಾಸ್ತಿಯಾದಾಗ ಏರು ಬರುತ್ತದೆ, ಮನಸ್ಸು ಆಗಲೇ ಗುಡಿಯ ಮುಂದಿನ ಸಾಲಿನಲ್ಲಿ ನಿಂತಿರುತ್ತದೆ. ಕಾಲು ಒಂದು ಕಡೆ, ಮನಸ್ಸು ಒಂದು ಕಡೆ.

ತಡವಾಗಿ ಹೊರಟ ನಾವು ಆ ಏರಿಗೆ ಬರುವ ಹೊತ್ತಿಗೆ ಹನ್ನೊಂದೂವರೆ ದಾಟಿತ್ತು. ಬಂಡೆ ಕಾದು ಹಂಚಾಗಿತ್ತು. ಸಾಲು ಉದ್ದ ಆಗುತ್ತದೆ, ಬೇಗ ಹೋಗಿ ನಿಲ್ಲೋಣ ಎಂದು ನಾವು ನಾಲ್ವರು ಬಿರುಸಾಗಿ ಹತ್ತಿದೆವು. ಅಕ್ಕ, ಅಂದರೆ ಹುಡುಗನ ತಾಯಿ, ನಮ್ಮ ಹಿಂದೆ ನಿಧಾನವಾಗಿ ಬರುತ್ತಿದ್ದರು. ಅಣ್ಣ ಇನ್ನೂ ಹಿಂದೆ. "ನೀವು ನಡೀರಿ, ನಾನು ಬರ್ತೀನಿ" ಎಂದರು. ನಾವು ನಡೆದೇಬಿಟ್ಟೆವು. ಹುಡುಗ ಮಾತ್ರ ಅವರ ಜೊತೆ ಉಳಿದ.

ಮೇಲೆ ಕೈಲಾಸ ಬಾಗಿಲ ಹತ್ತಿರ ಕೂತು ಶರಬತ್ತು ಕುಡಿದು, ಎರಡನೇ ಲೋಟಕ್ಕೆ ಕೈ ಚಾಚಿದಾಗ ಅಕ್ಕ ಬಂದರು. ಬಂದವರು ನೀರೂ ಮುಟ್ಟದೆ, "ತಾತ, ನನ್ ಮಗ ಎಲ್ಲಿ?" ಎಂದು ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಕೆಳಗೆ ಇಳಿದೆವು. ಸುಮಾರು ಇನ್ನೂರು ಮೆಟ್ಟಿಲು ಇಳಿದಿರಬೇಕು. ಒಂದು ತಿರುವಿನಲ್ಲಿ ಏಳೆಂಟು ಜನ ಗುಂಪು ಕಟ್ಟಿದ್ದರು. ನಡುವೆ ಅಣ್ಣ ಬಂಡೆಗೆ ಒರಗಿ ಕೂತಿದ್ದರು. ಮೈ ಕೆಂಡದ ಹಾಗೆ ಸುಡುತ್ತಿತ್ತು, ಬೆವರಿನ ಹನಿ ಇಲ್ಲ. ಕಣ್ಣು ತೆರೆದೇ ಇತ್ತು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ. "ಟೈಮಾಯ್ತು, ಬೆಲ್ ಹೊಡೀಬೇಕು, ಎಚ್ಚೆಮ್ಮು ಬಯ್ತಾರೆ, ಬೆಲ್ ಹೊಡೀಬೇಕು" ಎಂದು ಮತ್ತೆ ಮತ್ತೆ ಅನ್ನುತ್ತಿದ್ದರು. ಏಳಲು ಹೋಗುತ್ತಿದ್ದರು, ಹುಡುಗ ಹೆಗಲು ಹಿಡಿದು ಕೂರಿಸುತ್ತಿದ್ದ.

ಬಾಗಲಕೋಟೆ ಕಡೆಯ ಹೆಂಗಸರಿಬ್ಬರು ತಮ್ಮ ಸೆರಗನ್ನು ಹುಡುಗನ ಬಾಟಲಿಯ ನೀರಿನಲ್ಲಿ ತೋಯಿಸಿ ಅಣ್ಣನ ಕುತ್ತಿಗೆ, ಕಂಕುಳು, ನೆತ್ತಿಗೆ ಒತ್ತುತ್ತಿದ್ದರು. ಒಬ್ಬರು ಟವಲಿನಿಂದ ಗಾಳಿ ಬೀಸುತ್ತಿದ್ದರು. ನಾವು ಗಾಬರಿಯಲ್ಲಿ ಬಾಟಲಿ ತೆಗೆದುಕೊಂಡು ಬಾಯಿಗೆ ಹಿಡಿಯಹೋದೆವು. ಹಿರಿಯ ಹೆಂಗಸು ಕೈ ತಟ್ಟಿದರು. "ಎಚ್ಚರ ಇಲ್ಲದವ್ರ ಬಾಯಾಗ ನೀರ ಹಾಕಬ್ಯಾಡ್ರಿ, ನೆತ್ತಿಗೇರತೈತಿ." ಆಮೇಲೆ ನಮ್ಮನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, "ಹಿರ್ಯಾರನ್ನ ಬಿಟ್ಟ ನೀವ್ ಯಾಕ್ ಮುಂದ್ ಹೋದ್ರಿ ಸರ?"

ಸರ ಎಂದೇ ಕರೆದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಅವರ ತಂಡದ ಗಂಡಸರು ಎರಡು ಕೋಲಿಗೆ ಕಂಬಳಿ ಕಟ್ಟಿ ಡೋಲಿ ಮಾಡಿದರು. ಸರದಿಯ ಮೇಲೆ ಹೊತ್ತೆವು. ಆ ಇನ್ನೂರು ಮೆಟ್ಟಿಲಿಗೆ ಒಂದು ಗಂಟೆಯ ಹತ್ತಿರ ಹಿಡಿಯಿತು. ಮೇಲೆ ವೈದ್ಯಕೀಯ ಶಿಬಿರದವರು ಸಲೈನ್ ಹಾಕಿದರು, ಮೈಗೆಲ್ಲ ಒದ್ದೆ ಬಟ್ಟೆ ಹೊದಿಸಿದರು. ಸಂಜೆ ಐದಕ್ಕೆ ಅಣ್ಣ ನಮ್ಮನ್ನು ಗುರುತು ಹಿಡಿದರು. ಮೊದಲು ಕೇಳಿದ್ದು "ನನ್ನ ಚಪ್ಪಲಿ ಎಲ್ಲಿ?"

ಅಲ್ಲಿ ಇನ್ನೊಂದು ಸಂಗತಿ ಕಂಡೆವು. ಶಿಬಿರದ ಸಿಬ್ಬಂದಿಗೆ ಕನ್ನಡ ಬಾರದು. ಹೊತ್ತು ತಂದವರಿಗೆ ತೆಲುಗು ಬಾರದು. ಏನಾಯಿತು, ಎಷ್ಟು ಹೊತ್ತಾಯಿತು, ನೀರು ಕುಡಿಸಿದ್ದೀರಾ, ಸಕ್ಕರೆ ಕಾಯಿಲೆ ಇದೆಯಾ, ಎಲ್ಲ ಪ್ರಶ್ನೆಗೂ ನಡುವೆ ನಿಂತು ಆ ಕಡೆಗೆ ತೆಲುಗಿನಲ್ಲಿ ಈ ಕಡೆಗೆ ಕನ್ನಡದಲ್ಲಿ ಹೇಳಿದವನು ನಮ್ಮ ಹುಡುಗ. ನಾವಿಬ್ಬರು ಮೇಷ್ಟ್ರುಗಳಿಗೂ ಎರಡೂ ಭಾಷೆ ಬರುತ್ತದೆ, ಆದರೆ ಆ ಹೊತ್ತಿನಲ್ಲಿ ನಮ್ಮ ಬಾಯಿಗೆ ಯಾವ ಭಾಷೆಯೂ ಬರಲಿಲ್ಲ. ಬೆವರು ಯಾವಾಗ ನಿಂತಿತು ಎಂಬುದನ್ನೂ ಅವನು ಗಮನಿಸಿ ಇಟ್ಟುಕೊಂಡಿದ್ದ. "ಕನ್ನಡ ಮೀಡಿಯಂ ಓದಿ ಈ ರಾಜ್ಯದಲ್ಲಿ ಏನು ಪ್ರಯೋಜನ ಸಾರ್?" ಎಂದು ಪ್ರತಿ ಜೂನ್‌ನಲ್ಲಿ ಟಿ.ಸಿ. ಕೇಳಲು ಬರುವ ಪೋಷಕರಿಗೆ ನಾವು ಸಂವಿಧಾನ, ಭಾಷಾ ಅಲ್ಪಸಂಖ್ಯಾತರು, 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದದ್ದು, ಎಲ್ಲ ಹೇಳುತ್ತೇವೆ. ಅವರು ಕೇಳಿಸಿಕೊಂಡು ಟಿ.ಸಿ. ತೆಗೆದುಕೊಂಡೇ ಹೋಗುತ್ತಾರೆ. ಈಗ ಭೀಮನ ಕೊಳ್ಳದ ಕಥೆ ಹೇಳುತ್ತೇವೆ. ಕೆಲವರು ಕೂತು ಪೂರ್ತಿ ಕೇಳುತ್ತಾರೆ. ಟಿ.ಸಿ. ಬೇಡ ಎಂದವರು ಇದುವರೆಗೆ ಒಬ್ಬರು. ಒಂದಾದರೂ ಸರಿ.

ಬಂದ ಮೇಲೆ ಬಹಳ ಜನ ಕೇಳಿದರು, ಬಿಸಿಲಿಂದ ಹಾಗಾಯಿತಾ, ವಯಸ್ಸಿಂದ ಹಾಗಾಯಿತಾ ಎಂದು. ಬಿಸಿಲು ಮೊದಲೆರಡು ದಿನವೂ ಇತ್ತು, ಅಣ್ಣನ ವಯಸ್ಸೂ ಅಷ್ಟೇ ಇತ್ತು. ಬದಲಾಗಿದ್ದು ನಾವು. ಮೊದಲ ದಿನ ಹೆದರಿಕೆಯಿಂದ ನಡೆದೆವು, ಎರಡನೇ ದಿನ ಎಚ್ಚರದಿಂದ ನಡೆದೆವು, ಮೂರನೇ ದಿನ ಮುಗಿದೇ ಹೋಯಿತು ಎಂದು ನಡೆದೆವು. ನಿದ್ದೆ, ನೀರು, ಜೊತೆ, ಈ ಮೂರನ್ನೂ ಅದೇ ದಿನ ಸಡಿಲ ಬಿಟ್ಟೆವು. ಎವರೆಸ್ಟ್ ಹತ್ತಿದವರ ವಿಷಯದಲ್ಲೂ ಹೀಗೇ ಓದಿದ್ದೇವೆ. ಅಲ್ಲಿ ಜೀವ ಕಳೆದುಕೊಂಡವರಲ್ಲಿ ಬಹಳ ಜನ ಶಿಖರ ಮುಟ್ಟಿ ಇಳಿಯುವಾಗ ಹೋದವರು. ಗೆದ್ದಾಯಿತು ಎಂದುಕೊಂಡ ಮೇಲೆ ದೇಹದಲ್ಲಿ ಉಳಿದ ಶಕ್ತಿ ಎಷ್ಟು ಎಂಬ ಲೆಕ್ಕ ತಪ್ಪುತ್ತದೆ.

ಎವರೆಸ್ಟ್ ಎಂದಾಗ ನೆನಪಾಯಿತು. 2014ರ ಮೇ 25ರಂದು ಅಲ್ಲಿ ನಿಂತ ಮಾಲಾವತ್ ಪೂರ್ಣಾ ಸರ್ಕಾರಿ ಸಮಾಜ ಕಲ್ಯಾಣ ವಸತಿ ಶಾಲೆಯ ಹುಡುಗಿ, ನಿಜಾಮಾಬಾದ್ ಜಿಲ್ಲೆಯವಳು. ಆಗ ಅವಳಿಗೆ 13 ವರ್ಷ 11 ತಿಂಗಳು. ಜೊತೆಯಲ್ಲಿದ್ದ ಆನಂದಕುಮಾರ್ ಕೂಡ ಅಂಥದ್ದೇ ಶಾಲೆಯವನು. ಅವರು ಮೊದಲು ಕಲಿತದ್ದು ಭುವನಗಿರಿಯ ಬಂಡೆಯ ಮೇಲೆ. ನಮ್ಮ ರಾಯದುರ್ಗದ ಕೋಟೆ ಬೆಟ್ಟ, ಮಡಕಶಿರಾದ ಬೆಟ್ಟ, ರತ್ನಗಿರಿ, ಇವೂ ಬಂಡೆಗಳೇ ಅಲ್ಲವೆ? ನಮ್ಮ ಮಕ್ಕಳು ಎವರೆಸ್ಟಿಗೆ ಹೋಗಲಿ ಎನ್ನುತ್ತಿಲ್ಲ. ಊರ ಹಿಂದಿನ ಬೆಟ್ಟವನ್ನು ಹತ್ತಿ, ಬಾಟಲಿಯಲ್ಲಿ ಅರ್ಧ ನೀರು ಉಳಿಸಿಕೊಂಡು, ಹಿಂದೆ ಬಿದ್ದವನಿಗೆ ಕಾದು, ಎಲ್ಲರೂ ಒಟ್ಟಿಗೆ ಇಳಿದು ಬರುವುದನ್ನು ಕಲಿತರೆ ಸಾಕು. ನಮ್ಮ ಆಟದ ಪೀರಿಯಡ್ಡಿನಲ್ಲಿ ಇದನ್ನು ಯಾಕೆ ಸೇರಿಸಬಾರದು?

ಇನ್ನು ಹಾಜರಿಯ ವಿಷಯ. ಹತ್ತನೇ ತರಗತಿಯವರು ಪರೀಕ್ಷೆಗೆ ಮೊದಲು ಹೋಗಬಾರದು, ಇದರಲ್ಲಿ ನಮ್ಮ ಮನಸ್ಸು ಬದಲಾಗಿಲ್ಲ. ಯುಗಾದಿ ಕೆಲವು ವರ್ಷ ಮಾರ್ಚ್‌ನಲ್ಲೇ ಬೀಳುತ್ತದೆ. ಮಲ್ಲಯ್ಯ ಮುಂದಿನ ವರ್ಷವೂ ಇರುತ್ತಾನೆ, ಕಾಡುದಾರಿಯೂ ಮುಂದಿನ ವರ್ಷ ತೆರೆಯುತ್ತದೆ. ಆದರೆ ಆರನೇ, ಏಳನೇ, ಎಂಟನೇ ತರಗತಿಯ ಮಗು ಅಪ್ಪ ಅಮ್ಮನ ಜೊತೆ ಹೋಗಿ ಬಂದರೆ ಗೈರು ಹಾಕಿ ಬೈದು ಕೂರಿಸುವುದು ನಮ್ಮ ದಡ್ಡತನ. ಆ್ಯಪ್‌ನಲ್ಲಿ ಗೈರು ಹಾಕಲೇಬೇಕು, ಅದು ಬೇರೆ. ಬೈಯುವುದನ್ನು ಬಿಡಬಹುದಲ್ಲ.

ವಚನ ಪಾಠ ಮಾಡುವಾಗ ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಹೋದಳು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇವೆ. ಕದಳಿ ಎಲ್ಲಿದೆ ಸಾರ್ ಎಂದು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ನಮ್ಮ ಮಕ್ಕಳ ತಲೆಯಲ್ಲಿ ಕನ್ನಡದ ಕಥೆಗಳೆಲ್ಲ ಗಡಿಯಾಚೆ ನಡೆದವು, ಇಲ್ಲಿ ನಾವು ಸುಮ್ಮನೆ ಉಳಿದುಬಿಟ್ಟವರು ಎಂದಿದೆ. ಅಕ್ಕನ ದಾರಿಯ ಕೊನೆ ನಾವು ನಡೆದ ನಲ್ಲಮಲದಲ್ಲೇ ಇದೆ ಎಂದು ಒಂದು ನಕ್ಷೆ ಹಿಡಿದು ತೋರಿಸಿದರೆ ಮಗುವಿನ ಕಣ್ಣು ಬೇರೆಯಾಗುತ್ತದೆ. ಹೋಗಿಬಂದ ಹುಡುಗನನ್ನೇ ಕಪ್ಪುಹಲಗೆಯ ಹತ್ತಿರ ಕರೆದು ದಾರಿ ಬರೆಸಿ ನೋಡಿ! ಶ್ರೀಶೈಲಕ್ಕೆ ನಡೆದುಹೋಗುವ ಭಕ್ತರ ಚಿತ್ರಣ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬರೆದ ಪಂಡಿತಾರಾಧ್ಯ ಚರಿತ್ರೆಯ ಪರ್ವತ ಪ್ರಕರಣದಲ್ಲೂ ಇದೆ. ಅದೇ ಸೋಮನಾಥನ ತೆಲುಗು ಬಸವಪುರಾಣವನ್ನು 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದ. ಎರಡು ಭಾಷೆಯ ನಡುವೆ ಬದುಕುವ ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ಯಾವುದಿದೆ?

ಮತ್ತೊಂದು ಮಾತು, ಇದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ನಮ್ಮ ಅಣ್ಣನ ವಿಷಯ ಕೇಳಿದ ಕೆಲವರು, ಕೊಳ್ಳದ ತನಕ ಜೀಪಿನ ರಸ್ತೆ ಮಾಡಿಬಿಡಬೇಕು ಸಾರ್, ಸರ್ಕಾರಕ್ಕೆ ಬರೆಯಿರಿ ಎಂದರು. ಬರೆಯುವುದಿಲ್ಲ. ಜೀಪು ಬಂದರೆ ಅಂಗಡಿ ಬರುತ್ತದೆ, ಅಂಗಡಿ ಬಂದರೆ ಅದು ಕಾಡಾಗಿ ಉಳಿಯುವುದಿಲ್ಲ. ನಡೆಯಲಾಗದವರಿಗೆ ಗುಡಿಯ ಬಾಗಿಲ ತನಕ ಬಸ್ಸು ಹೇಗೂ ಇದೆ, ಬಸ್ಸಿನಲ್ಲಿ ಹೋದವರ ಭಕ್ತಿ ಕಡಿಮೆಯೇನಲ್ಲ. ನಾವೇ ವರ್ಷದಲ್ಲಿ ಕೆಲವೇ ದಿನ ಹುಲಿಯ ಮನೆಗೆ ಹೋಗುವ ನೆಂಟರು. ನೆಂಟರು ಮಾಡಿ ಬಂದ ಗಲೀಜು ಹೇಳಲು ನಾಚಿಕೆ. ನಾಗಲೂಟಿಯ ತನಕ ದಾರಿ ಪರವಾಗಿಲ್ಲ ಅನ್ನುವ ಹಾಗಿತ್ತು. ಕೊಳ್ಳದ ಮೆಟ್ಟಿಲ ಇಕ್ಕೆಲದಲ್ಲಿ ನೀರಿನ ಬಾಟಲಿ, ಪ್ಲಾಸ್ಟಿಕ್ ಲೋಟ, ಹರಿದ ಚಪ್ಪಲಿ, ಹಳೆ ಕಂಬಳಿ. ಇಲ್ಲೂ ಅದೇ ಕಥೆ, ಕೊನೆಯ ದಿನ ಎಲ್ಲ ಎಸೆದುಬಿಡೋಣ ಎಂಬ ಬುದ್ಧಿ. ನಾವು ಕಾಲಿಗೆ ಸುರಿದುಕೊಂಡು ಖಾಲಿ ಮಾಡಿದ ಬಾಟಲಿಗಳನ್ನು ಏನು ಮಾಡಿದೆವು? ಎರಡು ಚೀಲದಲ್ಲಿದ್ದವು. ಉಳಿದವು ಎಲ್ಲಿ ಹೋದವೋ ನಮ್ಮಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ. ನೆನಪಿಲ್ಲ ಎಂದರೆ ಏನರ್ಥ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೆ ಆ ಮೆಟ್ಟಿಲಿಗೆ ಹೋದರೆ ಹೇಗೆ ಹೋಗಬೇಕು ಎಂದು ನಾವು ಏಳೂ ಜನ ಅಣ್ಣನ ಮನೆಯ ಕಟ್ಟೆ ಮೇಲೆ ಕೂತು ಮಾತಾಡಿಕೊಂಡೆವು. ಕೊನೆಯ ದಿನ ಎಲ್ಲಕ್ಕಿಂತ ಮೊದಲು ಏಳಬೇಕು, ಮೂರಕ್ಕೇ. ಬಿಸಿಲೇರುವ ಮೊದಲು ಕೊಳ್ಳ ಹತ್ತಿ ಆಗಿರಬೇಕು, ಆಗದಿದ್ದರೆ ಕೆಳಗೇ ನೆರಳಿನಲ್ಲಿ ಕೂತು ಸಂಜೆ ಹತ್ತಬೇಕು. ಎಲ್ಲರಿಗಿಂತ ನಿಧಾನ ನಡೆಯುವವರು ಎಲ್ಲರಿಗಿಂತ ಮುಂದೆ ಇರಬೇಕು (ಇದು ಅಕ್ಕ ಹೇಳಿದ್ದು, ನಮಗ್ಯಾರಿಗೂ ಹೊಳೆದಿರಲಿಲ್ಲ). ಎರಡು ಬಾಟಲಿ ಕೈಲಾಸ ಬಾಗಿಲ ತನಕ ಇರಬೇಕು, ಅದರಲ್ಲೊಂದು ಸಕ್ಕರೆ ಉಪ್ಪಿನ ನೀರು. ಲೀಟರು ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದಲ್ಲಿ, ಮಟ್ಟಸವಾಗಿ. ಬೆವರು ನಿಂತು ಮಾತು ತೊದಲಿದರೆ ದೇವರ ಮೈಮೇಲೆ ಬಂತು ಎಂದು ಕೈಮುಗಿದು ನಿಲ್ಲದೆ ಮೈ ತಣ್ಣಗೆ ಮಾಡಿ ಡಾಕ್ಟರ ಹತ್ತಿರ ಓಡಬೇಕು. ಹೌದು, ಆ ದಿನ ಕೊಳ್ಳದಲ್ಲಿ ಅಣ್ಣನ ಮುಂದೆ ಒಬ್ಬರು ಕೈಮುಗಿದು ನಿಂತಿದ್ದರು.

ಅಣ್ಣ ಮರುವರ್ಷ ಬಸ್ಸಿನಲ್ಲಿ ಹೋಗಿ ದರ್ಶನ ಮಾಡಿ ಬಂದರು. ದೇವಸ್ಥಾನದ ಸುತ್ತ ಕನ್ನಡದ ಬೋರ್ಡು ಹಾಕಿದ್ದರು, ಮೈಕಿನಲ್ಲಿ ಕನ್ನಡದಲ್ಲೇ ಕೂಗುತ್ತಿದ್ದರು ಎಂದು ಸಂತೋಷದಿಂದ ಹೇಳಿದರು. ಹುಡುಗನ ಫಲಿತಾಂಶ 2024ರ ಏಪ್ರಿಲ್ 22ಕ್ಕೆ ಬಂತು. ಗಣಿತದಲ್ಲಿ 38, ತೆಲುಗು ಕನ್ನಡ ಎರಡರಲ್ಲೂ 80ರ ಮೇಲೆ. ಗಣಿತದ ಮೇಷ್ಟ್ರು ಇಂದಿಗೂ ಅವನ ಮೇಲೆ ಸ್ವಲ್ಪ ಮುನಿಸಿನಲ್ಲಿದ್ದಾರೆ.

ಈ ಸಲ ಯುಗಾದಿಗೆ ಮಕ್ಕಳನ್ನು ಕರೆದುಕೊಂಡು ಪರ್ವತಕ್ಕೆ ಹೊರಡುವ ನಮ್ಮ ಶಾಲೆಯ ಪೋಷಕರು ಕದ್ದು ಹೋಗುವುದು ಬೇಡ. ಹದಿನೈದು ದಿನ ಮೊದಲೇ ಬಂದು ಹೇಳಿ. ಹೋಗುವ ಮಗುವಿಗೆ ನಾವೊಂದು ನೋಟ್‌ಪುಸ್ತಕ ಕೊಟ್ಟು ಕಳಿಸುತ್ತೇವೆ, ದಾರಿಯ ಊರು, ಮರ, ಹಳ್ಳ, ಕೇಳಿದ ಮಾತು, ಎಲ್ಲ ಬರೆದುಕೊಂಡು ಬರಲಿ. ಬಾಟಲಿ ಮಾತ್ರ ನೀವೇ ಕೊಂಡುಕೊಳ್ಳಬೇಕು. ಎರಡು.